ಬಂದವರು ನಾಡವರಾದ ಬಗೆ

ಹಾಸನದಿಂದ ಅರಸೀಕೆರೆಯ ಕಡೆಗೆ ಹೊರಟರೆ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ರಸ್ತೆಯಿಂದ ಸ್ವಲ್ಪ ಒಳಗೆ ಕೊರವಂಗಲ ಎಂಬ ಹಳ್ಳಿಯಿದೆ. ತೆಂಗಿನ ತೋಟ, ಹೊಲ, ಕೆರೆ, ಹಾಸನ ಸೀಮೆಯ ಬೇರೆ ಹಳ್ಳಿಗಳಂತೆಯೇ ಇರುವ ಹಳ್ಳಿ. ಊರಿನ ಅಂಚಿನಲ್ಲಿ ಬೂಚೇಶ್ವರನ ಗುಡಿ. ಬಾಗಿಲಲ್ಲಿ ಕಲ್ಲಿನ ಆನೆಗಳು, ಒಳಗೆ ಪಶ್ಚಿಮದಲ್ಲಿ ಲಿಂಗ, ಅದಕ್ಕೆ ಎದುರಾಗಿ ಪೂರ್ವದಲ್ಲಿ ಸೂರ್ಯನ ಗುಡಿ. ಬೇಲೂರು, ಹಳೇಬೀಡುಗಳಿಗೆ ಧಾವಿಸುವ ಪ್ರವಾಸಿಗರು ಇಲ್ಲಿ ನಿಲ್ಲುವುದು ಅಪರೂಪ. ಆದರೆ ಹೊಯ್ಸಳರ ಇತಿಹಾಸ ಬರೆಯುವವರಿಗೆ ಈ ಊರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಇಮ್ಮಡಿ ವೀರಬಲ್ಲಾಳ ಪಟ್ಟವೇರಿದ ಕಾಲವನ್ನು ಖಚಿತವಾಗಿ ಹೇಳುವ ಶಾಸನ ಇಲ್ಲಿಯದು. ವರ್ಷ 1173. ಆ ಪಟ್ಟಾಭಿಷೇಕದ ಸಂಭ್ರಮದಲ್ಲಿ ಬಲ್ಲಾಳನ ಅಧಿಕಾರಿ ಬೂಚಿರಾಜ ಈ ದೇವಾಲಯಕ್ಕೆ ದತ್ತಿ ಬಿಟ್ಟ. ಅವನ ಸೋದರರಾದ ಗೋವಿಂದರಾಜ ಮತ್ತು ನಾಕಿಮಯ್ಯ ಕಟ್ಟಿಸಿದ ಗೋವಿಂದೇಶ್ವರ, ನಾಕೇಶ್ವರ ಗುಡಿಗಳೂ ಸಮೀಪದಲ್ಲೇ ಇದ್ದವು. ಅವು ಈಗ ಪಾಳುಬಿದ್ದಿವೆ.

ಒಂದೇ ಊರಿನ ಒಂದೇ ಮನೆತನ ಮೂರು ಕಲ್ಲುಗುಡಿಗಳನ್ನು ಕಟ್ಟಿಸಬೇಕಾದರೆ ಹಣವೊಂದಿದ್ದರೆ ಸಾಲದು. ಕಲ್ಲು ಕೆತ್ತುವವರು ಬೇಕು, ಶಾಸನ ರಚಿಸುವ ಪಂಡಿತ ಬೇಕು, ಪೂಜೆ ಮಾಡುವ ಆಚಾರ್ಯ ಬೇಕು, ದತ್ತಿಯ ಹೊಲ ಉಳುವ ಒಕ್ಕಲು ಬೇಕು, ಆ ಹೊಲಕ್ಕೆ ನೀರು ಕೊಡುವ ಕೆರೆ ಕಟ್ಟುವವರು ಬೇಕು. ಇವರೆಲ್ಲ ಎಲ್ಲಿಂದ ಬಂದರು? ಹೊಸದಾಗಿ ತಲೆಯೆತ್ತುತ್ತಿದ್ದ ಒಂದು ರಾಜ್ಯ ಹೊರಗಿನಿಂದ ಬಂದವರನ್ನು ಹೇಗೆ ಬರಮಾಡಿಕೊಂಡಿತು? ಅವರಿಗೆ ಏನನ್ನು ಕೊಟ್ಟಿತು, ಅದರ ಬೆಲೆಯನ್ನು ತೆತ್ತವರು ಯಾರು? ಹಾಸನ ಜಿಲ್ಲೆಯ ಕಲ್ಲುಗಳು ಈ ಪ್ರಶ್ನೆಗಳಿಗೆ ಸಾಕಷ್ಟು ಉತ್ತರ ಕೊಡುತ್ತವೆ. ಬಿ. ಎಲ್. ರೈಸ್ ಅವರು 1902ರಲ್ಲಿ ಈ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ ಪ್ರಕಟಿಸಿದಾಗಲೇ ಅದು ಹೊತ್ತು ತಿರುಗಲಾಗದಷ್ಟು ದಪ್ಪವಾಗಿತ್ತು.

ಅರಸರೇ ವಲಸೆ ಬಂದವರು

ಮೊದಲು ನೆನಪಿಡಬೇಕಾದದ್ದು, ಬಯಲಿಗೆ ಹೊಯ್ಸಳರೇ ಹೊಸಬರು. ಅವರ ಮೂಲ ನೆಲೆ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಶಾಸನಗಳ ಸೊಸೆವೂರು. ಹುಲಿಯನ್ನು ಹೊಡೆದ ಸಳನ ಕಥೆ ಹುಟ್ಟಿದ್ದೂ ಅಲ್ಲಿಯೇ. ‘ಮಲೆಪರೊಳ್ಗಂಡ’, ಅಂದರೆ ಬೆಟ್ಟದ ನಾಯಕರಲ್ಲಿ ಗಂಡು, ಎಂಬ ಬಿರುದನ್ನು ಅವರು ಸಾಮ್ರಾಟರಾದ ಮೇಲೂ ಬಿಡಲಿಲ್ಲ. ಮಲೆನಾಡಿನ ಆ ನಾಯಕರು ಬೇಲೂರಿಗೆ, ಅಲ್ಲಿಂದ ದೋರಸಮುದ್ರಕ್ಕೆ ಇಳಿದರು. ದೋರಸಮುದ್ರವೇ ಇಂದಿನ ಹಳೇಬೀಡು.

1116ರ ಸುಮಾರಿನಲ್ಲಿ ವಿಷ್ಣುವರ್ಧನ ತಲಕಾಡನ್ನು ಚೋಳರಿಂದ ಕಿತ್ತುಕೊಂಡ. ಗಂಗವಾಡಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಚೋಳರ ಕೈಯಲ್ಲಿತ್ತು. ಗೆದ್ದ ನೆನಪಿಗೆ ‘ತಲಕಾಡುಗೊಂಡ’ ಎಂದು ಚಿನ್ನದ ನಾಣ್ಯ ಹೊರಟಿತು. 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾಯಿತು. ಇಷ್ಟಾದರೂ ಹೆಸರಿಗೆ ಹೊಯ್ಸಳರು ಕಲ್ಯಾಣದ ಚಾಲುಕ್ಯರ ಸಾಮಂತರೇ. ಕೊರವಂಗಲದ ಶಾಸನ ಹುಟ್ಟಿದ 1173ರಲ್ಲಿಯೂ ಆ ಸ್ಥಿತಿ ಪೂರ್ತಿ ಹೋಗಿರಲಿಲ್ಲ. ವೀರಬಲ್ಲಾಳ ಸೇವುಣರನ್ನು ಸೊರಟೂರಿನಲ್ಲಿ ಸೋಲಿಸಿ ಸ್ವತಂತ್ರ ಸಾರ್ವಭೌಮನೆಂದು ಸಾರಿಕೊಂಡದ್ದು ಮುಂದೆ ಎರಡು ದಶಕಗಳ ಮೇಲೆ. ಹಾಗಾಗಿ ಹನ್ನೆರಡನೆಯ ಶತಮಾನವೆಂದರೆ ಹೊಯ್ಸಳ ರಾಜ್ಯ ಇನ್ನೂ ತನ್ನನ್ನು ತಾನು ಕಟ್ಟಿಕೊಳ್ಳುತ್ತಿದ್ದ ಕಾಲ.

ಇಂಥ ರಾಜ್ಯಕ್ಕೆ ನೆಲದ ಕೊರತೆಗಿಂತ ಜನರ ಕೊರತೆ ದೊಡ್ಡದು. ಉಳುವವರಿಲ್ಲದ ನೆಲದಿಂದ ಕಂದಾಯ ಬರುವುದಿಲ್ಲ. ಲೆಕ್ಕ ಬರೆಯುವವರಿಲ್ಲದಿದ್ದರೆ ಬಂದ ಕಂದಾಯವೂ ಬೊಕ್ಕಸ ಸೇರುವುದಿಲ್ಲ. ಮಲೆನಾಡಿನಿಂದ ಇಳಿದ ಮನೆತನಕ್ಕೆ ತಾನು ಹಳೆಯ ರಾಜವಂಶಗಳಿಗೆ ಸಮ ಎಂದು ತೋರಿಸಿಕೊಳ್ಳುವ ಅಗತ್ಯವೂ ಇತ್ತು. ಅದಕ್ಕೆ ದೇವಾಲಯ ಬೇಕು, ಪಂಡಿತರು ಬೇಕು, ಕವಿಗಳು ಬೇಕು. ಇವರನ್ನೆಲ್ಲ ಮಲೆಯ ಸೆರಗಿನಲ್ಲೇ ಹುಡುಕಿ ತರಲು ಸಾಧ್ಯವಿರಲಿಲ್ಲ. ಹೊರಗಿನವರಿಗೆ ಬಾಗಿಲು ತೆರೆದದ್ದು ಔದಾರ್ಯದಿಂದಷ್ಟೇ ಅಲ್ಲ, ಅವಶ್ಯಕತೆಯಿಂದ.

ಕಲ್ಲಿನ ಮೇಲೆ ಊರಿನ ಹೆಸರು

ಮೊದಲು ಶಿಲ್ಪಿಗಳನ್ನು ನೋಡಬಹುದು. ಬೇಲೂರಿನ ಮದನಿಕೆಯರನ್ನು ನೋಡಿ ಬೆರಗಾಗುವವರು ಅವುಗಳ ಪಾದದ ಬಳಿ ಇರುವ ಸಣ್ಣ ಅಕ್ಷರಗಳನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅಲ್ಲಿ ಶಿಲ್ಪಿಗಳ ರುಜುವಿದೆ. ದಾಸೋಜ ಮತ್ತು ಅವನ ಮಗ ಚಾವಣ ತಮ್ಮನ್ನು ಬಳ್ಳಿಗಾವೆಯವರೆಂದು ಹೇಳಿಕೊಂಡಿದ್ದಾರೆ. ಬಳ್ಳಿಗಾವೆ ಇಂದಿನ ಶಿಕಾರಿಪುರ ತಾಲ್ಲೂಕಿನ ಊರು, ಅಂದು ಚಾಲುಕ್ಯರ ಬನವಾಸಿ ನಾಡಿನ ಪ್ರಮುಖ ಪಟ್ಟಣ. ಗದುಗಿನಿಂದ ಬಂದ ನಾಗೋಜನ ಹೆಸರೂ ಬೇಲೂರಿನಲ್ಲಿದೆ. ಚಾಲುಕ್ಯರ ನಾಡಿನಲ್ಲಿ ಶತಮಾನ ಕಾಲ ಬೆಳೆದ ಕೆತ್ತನೆಯ ಕೈಚಳಕ ಹೀಗೆ ಮನುಷ್ಯರ ಜೊತೆಯಲ್ಲೇ ನಡೆದು ಬಂದು ಹೊಯ್ಸಳರ ಬಳಪದ ಕಲ್ಲಿನ ಮೇಲೆ ಹೊಸ ರೂಪ ಪಡೆಯಿತು.

ಈ ರುಜುಗಳಲ್ಲಿ ಎರಡು ಸಂಗತಿ ಗಮನಾರ್ಹ. ಒಂದು, ಕೂಲಿಗೆ ಬಂದ ಕುಶಲಕರ್ಮಿಗೆ ರಾಜನ ಗುಡಿಯಲ್ಲಿ ತನ್ನ ಹೆಸರು ಕೆತ್ತುವ ಅಧಿಕಾರವಿತ್ತು. ಹೆಸರಿನ ಜೊತೆಗೆ ಬಿರುದನ್ನೂ ಹಾಕಿಕೊಳ್ಳಬಹುದಿತ್ತು, ಎದುರಾಳಿ ಶಿಲ್ಪಿಗಳನ್ನು ಅಣಕಿಸಲೂಬಹುದಿತ್ತು. ಭಾರತದ ಬಹುಪಾಲು ದೊಡ್ಡ ದೇವಾಲಯಗಳಲ್ಲಿ ಕೆತ್ತಿದವರು ಯಾರೆಂದು ತಿಳಿಯುವುದೇ ಇಲ್ಲ. ಎರಡು, ಅವರು ತಮ್ಮ ಹುಟ್ಟೂರನ್ನು ಮರೆಮಾಚಲಿಲ್ಲ. ಬೇರೆ ಅರಸನ ನಾಡಿನಿಂದ ಬಂದವನು ಎಂಬುದು ಇಲ್ಲಿ ಹಿಂಜರಿಕೆಯ ಮಾತಾಗಿರಲಿಲ್ಲ, ಹೆಮ್ಮೆಯ ಮಾತಾಗಿತ್ತು.

ಈ ಪದ್ಧತಿ ಕೊನೆಯವರೆಗೂ ನಡೆಯಿತು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಗೋಡೆಯ ಕೆಲಸವನ್ನು ಇಬ್ಬರು ಹಂಚಿಕೊಂಡರು. ದಕ್ಷಿಣದ ಬದಿಯ ವಿಗ್ರಹಗಳು ನಂದಿಯ ಬೈಚೋಜನವು, ಉತ್ತರದ ಬದಿಯವು ಮಲ್ಲಿತಮ್ಮನವು. ನಂದಿ ಎಂದರೆ ಚಿಕ್ಕಬಳ್ಳಾಪುರದ ಹತ್ತಿರದ ನಂದಿ. ಮಲ್ಲಿತಮ್ಮ ಜಾವಗಲ್, ಹಾರನಹಳ್ಳಿ, ಸೋಮನಾಥಪುರಗಳಲ್ಲೆಲ್ಲ ದುಡಿದವನು. ಕೆಲಸ ಇದ್ದಲ್ಲಿಗೆ ಹೋಗುವುದು ಇವರ ಬದುಕಿನ ಕ್ರಮ. ಆದರೆ ಬೆಟ್ಟದಿಂದ ಕಲ್ಲು ಎಬ್ಬಿಸಿದವರ, ಅದನ್ನು ಗಾಡಿಯಲ್ಲಿ ಎಳೆದು ತಂದವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಉಳಿ ಹಿಡಿದವನಿಗೆ ಸಿಕ್ಕ ಮನ್ನಣೆ ಹಗ್ಗ ಎಳೆದವನಿಗೆ ಸಿಗಲಿಲ್ಲ.

ಕುದುರೆ, ಮುತ್ತು, ವರ್ತಕರು

ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಹೊಯ್ಸಳ ದೇವಾಲಯಗಳಲ್ಲಿ ಬೇಲೂರಿಗಿಂತಲೂ ಹಳೆಯದು. 1113ರ ಸುಮಾರಿನದು. ಅದನ್ನು ಕಟ್ಟಿಸಿದವನು ರಾಜನೂ ಅಲ್ಲ, ದಂಡನಾಯಕನೂ ಅಲ್ಲ. ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ರಾಹುತ ಎಂಬುದು ಕುದುರೆ ಸವಾರಿಯೊಂದಿಗೆ ನಂಟಿರುವ ಪದ. ಆ ಊರಿಗೆ ಶಾಸನ ಕೊಟ್ಟ ಹೆಸರು ‘ಅಭಿನವ ಕೊಲ್ಲಾಪುರ’. ಕೊಲ್ಲಾಪುರದ ಮಹಾಲಕ್ಷ್ಮಿಯನ್ನು ಹಾಸನದ ಕೆರೆಯ ದಂಡೆಗೆ ತಂದು ಕೂರಿಸಿ, ಊರಿಗೂ ಹೊಸ ಕೊಲ್ಲಾಪುರವೆಂದೇ ಹೆಸರಿಡಲು ಒಬ್ಬ ವರ್ತಕನಿಗೆ ಅಡ್ಡಿಯಾಗಲಿಲ್ಲ. ನಾಡು ಬಿಟ್ಟು ಹೋದವರು ಹೊಸ ಜಾಗಕ್ಕೆ ಹಳೆಯ ಊರಿನ ಹೆಸರಿಡುವುದು ಲೋಕದಲ್ಲೆಲ್ಲ ಇರುವ ರೂಢಿ. ಅಮೆರಿಕದ ನ್ಯೂಯಾರ್ಕ್ ಹುಟ್ಟುವುದಕ್ಕೆ ಐದು ಶತಮಾನ ಮೊದಲೇ ದೊಡ್ಡಗದ್ದವಳ್ಳಿಯಲ್ಲಿ ಅದು ನಡೆದಿತ್ತು.

ಹೊಯ್ಸಳರ ಸೈನ್ಯಕ್ಕೆ ಕುದುರೆ ಬೇಕಿತ್ತು. ಒಳ್ಳೆಯ ಕುದುರೆ ಬರುತ್ತಿದ್ದದ್ದು ಸಮುದ್ರದ ಮೇಲಿಂದ, ಪಶ್ಚಿಮ ಕರಾವಳಿಯ ಬಂದರುಗಳಿಗೆ. ಹಡಗಿನಲ್ಲಿ ಕುದುರೆ, ಆನೆ, ಮುತ್ತು ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಗಳನ್ನು ಅರಸೀಕೆರೆ ಭಾಗದ ಶಾಸನಗಳು ಹೊಗಳುತ್ತವೆ. ಮಲೆಯಾಳ ಮೂಲದ ಕುಂಜನಂಬಿ ಸೆಟ್ಟಿ ಹದಿಮೂರನೆಯ ಶತಮಾನದ ದೊಡ್ಡ ವರ್ತಕ. ರತ್ನ ಪರೀಕ್ಷೆಯಲ್ಲಿ ನಿಪುಣ. ದಕ್ಷಿಣದ ಹೊಯ್ಸಳನಿಗೂ ಉತ್ತರದ ಅರಸನಿಗೂ ನಡುವೆ ನಿಂತು ಸ್ನೇಹ ಬೆಳೆಸಿದವನು ಎಂಬ ಕೀರ್ತಿಯೂ ಅವನಿಗಿದೆ. ಬೇರೆ ನಾಡಿನ ವ್ಯಾಪಾರಿ ಎರಡು ರಾಜ್ಯಗಳ ನಡುವಿನ ನಂಬಿಕೆಯ ಮನುಷ್ಯನಾದ ಬಗೆ ಇದು.

ಅಗ್ರಹಾರವೆಂಬ ಆಹ್ವಾನ

ಬಂದವರನ್ನು ನೆಲೆ ನಿಲ್ಲಿಸಲು ಹೊಯ್ಸಳರು ಬಳಸಿದ ಮುಖ್ಯ ಸಾಧನ ಅಗ್ರಹಾರ. ಹಾಸನ ಸೀಮೆಯಲ್ಲಿ ಹೆಜ್ಜೆಗೊಂದರಂತೆ ಅಗ್ರಹಾರಗಳಿದ್ದವು ಎಂದರೆ ಅತಿಶಯೋಕ್ತಿಯಲ್ಲ. ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರು ಹೊತ್ತ ಶಾಂತಿಗ್ರಾಮ ಅವುಗಳಲ್ಲೊಂದು.

ಅಗ್ರಹಾರ ಕೊಡುವುದೆಂದರೆ ಊರಿನ ಜನರನ್ನು ಎಬ್ಬಿಸಿ ಹೊರಹಾಕಿ ಬ್ರಾಹ್ಮಣರನ್ನು ಕೂರಿಸುವುದಲ್ಲ. ಊರಿನಿಂದ ಅರಸನಿಗೆ ಸಲ್ಲಬೇಕಾದ ಸಿದ್ಧಾಯ ಮೊದಲಾದ ತೆರಿಗೆಗಳ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸುವುದು. ಆ ಹಕ್ಕನ್ನು ವೃತ್ತಿಗಳೆಂಬ ಪಾಲುಗಳಾಗಿ ವಿಂಗಡಿಸಲಾಗುತ್ತಿತ್ತು. ಒಬ್ಬೊಬ್ಬ ವಿದ್ವಾಂಸನಿಗೆ ಒಂದು, ಅರ್ಧ, ಕೆಲವೊಮ್ಮೆ ಎರಡು ವೃತ್ತಿ. ವೃತ್ತಿವಂತರೆಲ್ಲ ಸೇರಿದರೆ ಊರಿನ ಮಹಾಜನರು. ಕೆರೆಯ ನಿರ್ವಹಣೆ, ಗುಡಿಯ ಲೆಕ್ಕ, ಪಾಠಶಾಲೆ, ಊರೊಳಗಿನ ವ್ಯಾಜ್ಯ ಎಲ್ಲವೂ ಅವರ ಕೈಗೆ ಬರುತ್ತಿತ್ತು.

ಅರಸ ಸತ್ತರೆ, ವಂಶ ಬದಲಾದರೆ, ಕೊಟ್ಟದ್ದನ್ನು ಕಿತ್ತುಕೊಂಡರೆ ದೂರದಿಂದ ಬಂದವನ ಗತಿಯೇನು? ಈ ಅಂಜಿಕೆಗೆ ಆ ಕಾಲ ಕಂಡುಕೊಂಡ ಉಪಾಯ ದಾನಶಾಸನದ ಕೊನೆಯಲ್ಲಿ ಬರುವ ಶಾಪ. ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬ ಮಾತು ಇಂದಿನ ಓದುಗನಿಗೆ ನಗು ತರಿಸಬಹುದು. ನ್ಯಾಯಾಲಯಗಳಿಲ್ಲದ ಕಾಲದಲ್ಲಿ ಮುಂದೆ ಬರುವ ಅರಸನನ್ನು ಕಟ್ಟಿಹಾಕಲು ಇದ್ದ ಹಗ್ಗ ಅದೊಂದೇ. ಅದನ್ನು ತಾಳೆಗರಿಯಲ್ಲಿ ಬರೆಯದೆ ಕಲ್ಲಿನಲ್ಲಿ ಕೆತ್ತಿ ಊರ ನಡುವೆ ನಿಲ್ಲಿಸಿದ್ದರ ಉದ್ದೇಶವೂ ಅದೇ.

ಇನ್ನು ಬೆಲೆಯ ಮಾತು. ಅಗ್ರಹಾರವಾದ ಊರಿನಲ್ಲಿ ಉಳುವವನು ಮೊದಲಿನಂತೆಯೇ ಉಳುತ್ತಿದ್ದ. ಅವನು ತೆರುವ ಕಾಳು ಅರಮನೆಯ ಬದಲು ಮಹಾಜನರಿಗೆ ಹೋಗುತ್ತಿತ್ತು. ದೂರದ ಯಜಮಾನನ ಬದಲು ಮನೆಬಾಗಿಲಿನ ಯಜಮಾನ ಬಂದ. ಹೊಸ ಕೆರೆ ತೋಡಿ, ಕಾಡು ಕಡಿದು ಊರು ಮಾಡಿದಲ್ಲಿ ಒಕ್ಕಲಿಗೂ ಲಾಭವಾಯಿತು. ಕೆರೆ ಕಟ್ಟಿದವರಿಗೆ ಕಟ್ಟುಗೊಡಗೆಯಾಗಿ ಗದ್ದೆ ಬಿಡುವ ಪದ್ಧತಿಯೂ ಇತ್ತು. ಆದರೆ ಅತಿಥಿಯನ್ನು ಕರೆದವನು ಅರಸ, ಎಲೆ ಬಡಿಸಿದವನು ಒಕ್ಕಲಿಗ ಎಂಬುದನ್ನು ಮರೆಯುವಂತಿಲ್ಲ. ದಾನಶಾಸನಗಳಲ್ಲಿ ಅತಿಥಿಯ ಗೋತ್ರ, ಸೂತ್ರಗಳಿವೆ. ಒಕ್ಕಲಿನ ಹೆಸರು ಹುಡುಕಬೇಕೆಂದರೆ ವೀರಗಲ್ಲುಗಳ ಬಳಿಗೆ, ಊರಿಗಾಗಿ ದನಗಳಿಗಾಗಿ ಸತ್ತವರ ಬಳಿಗೆ ಹೋಗಬೇಕಾಗುತ್ತದೆ.

ನಾಲ್ಕು ಬರಹಗಳ ಶಾಲೆ

ಧರ್ಮದ ಕಾರಣಕ್ಕೆ ಬಂದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ರಾಮಾನುಜಾಚಾರ್ಯರದು. ಚೋಳ ಅರಸನ ಕಿರುಕುಳ ತಾಳಲಾರದೆ ಶ್ರೀರಂಗ ಬಿಟ್ಟು ಹೊಯ್ಸಳ ನಾಡಿಗೆ ಬಂದರು, ತೊಂಡನೂರು, ಮೇಲುಕೋಟೆಗಳಲ್ಲಿ ನೆಲೆಸಿದರು ಎಂಬುದು ಶ್ರೀವೈಷ್ಣವ ಸಂಪ್ರದಾಯದ ನಿರೂಪಣೆ. ಜೈನನಾಗಿದ್ದ ಬಿಟ್ಟಿದೇವ ಅವರಿಂದ ವಿಷ್ಣುವರ್ಧನನಾದ ಎಂಬ ಕಥೆಯೂ ಅದರಲ್ಲಿ ಸೇರಿದೆ. ಶಾಸನಗಳು ಕಾಣಿಸುವ ಚಿತ್ರ ಇದಕ್ಕಿಂತ ವಿಶಾಲ. ರಾಣಿ ಶಾಂತಲೆ ಕೊನೆಯವರೆಗೂ ಜೈನಳಾಗಿಯೇ ಉಳಿದಳು. ಸೇನಾನಿ ಗಂಗರಾಜ ಜೈನ. ಅವನ ಮಗ ಬೊಪ್ಪ 1133ರಲ್ಲಿ ರಾಜಧಾನಿಯಲ್ಲಿಯೇ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಹೊಸ ಆಚಾರ್ಯರಿಗೆ ಜಾಗ ಕೊಡಲು ಹಳಬರನ್ನು ಓಡಿಸಬೇಕಾಗಲಿಲ್ಲ.

ತಮಿಳರ ವಿಷಯದಲ್ಲೂ ಹಾಗೆಯೇ. ಚೋಳರನ್ನು ಸೋಲಿಸಿದ ಮೇಲೆ ಗಂಗವಾಡಿಯ ಪೂರ್ವ ಭಾಗಗಳಲ್ಲಿ ತಮಿಳು ಶಾಸನಗಳು ನಿಲ್ಲಲಿಲ್ಲ. ಹೊಯ್ಸಳ ಅರಸರ ಹೆಸರಿನಲ್ಲೇ ತಮಿಳು ಶಾಸನಗಳು ಹೊರಟವು. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳರೇ ಕಾವೇರಿಯ ಕೆಳಗೆ ಹೋಗಿ ಶ್ರೀರಂಗದ ಸಮೀಪದ ಕಣ್ಣನೂರಿನಲ್ಲಿ ಎರಡನೆಯ ರಾಜಧಾನಿ ಮಾಡಿಕೊಂಡರು. ಆಗ ಜನರ ಓಡಾಟ ಎರಡೂ ಕಡೆಗೆ ನಡೆಯಿತು. ಮುಮ್ಮಡಿ ನರಸಿಂಹನ ಆಳ್ವಿಕೆಯ ಕೊನೆಯ ಭಾಗದ ಪ್ರಬಲ ಮಂತ್ರಿಯ ಹೆಸರೇ ಪೆರುಮಾಳೆ ದಂಡನಾಯಕ. ಹೆಸರಿನಲ್ಲಿಯೇ ಪೆರುಮಾಳ್ ಇದ್ದಾನೆ.

ಈ ಪೆರುಮಾಳೆ 1290ರ ಸುಮಾರಿನಲ್ಲಿ ತಲಕಾಡಿನ ಬಳಿಯ ಮಾಲಂಗಿಯ ಅಗ್ರಹಾರಕ್ಕೆ ಬಿಟ್ಟ ದತ್ತಿ ಹೊಯ್ಸಳರ ಆತಿಥ್ಯಕ್ಕೆ ಬಹುಶಃ ಅತ್ಯಂತ ಸೊಗಸಾದ ಸಾಕ್ಷಿ. ವೇದ ಪಾಠಕ್ಕೆ ಉಪಾಧ್ಯಾಯರಿಗೆ ಸಂಬಳ ಗೊತ್ತುಮಾಡಿದ್ದರ ಜೊತೆಗೆ ಮಕ್ಕಳ ಅಕ್ಷರಾಭ್ಯಾಸಕ್ಕೂ ಅಲ್ಲಿ ಏರ್ಪಾಡಿದೆ. ಕಲಿಸಬೇಕಾದ ಬರಹಗಳು ನಾಲ್ಕು: ನಾಗರ, ಕನ್ನಡ, ತಿಗುಳ, ಆರ್ಯ. ತಿಗುಳವೆಂದರೆ ತಮಿಳು. ಆರ್ಯವೆಂದರೆ ಮರಾಠಿ. ಏಳುನೂರು ವರ್ಷಗಳ ಹಿಂದೆ ಕಾವೇರಿ ದಂಡೆಯ ಒಂದು ಊರಿನ ಹುಡುಗರು ಈ ನಾಲ್ಕನ್ನೂ ಕಲಿಯಬಹುದಾಗಿತ್ತು. ಕನ್ನಡ ರಾಜಭಾಷೆಯಾಗಿ ಗಟ್ಟಿಯಾಗಿ ನಿಂತಿದ್ದ ಕಾಲವದು. ಜನ್ನ, ಹರಿಹರ, ರಾಘವಾಂಕ, ಕೇಶಿರಾಜ ಇವರೆಲ್ಲ ಬರೆದ ಶತಮಾನ. ತನ್ನ ಭಾಷೆಯ ಬಗ್ಗೆ ಧೈರ್ಯವಿದ್ದ ರಾಜ್ಯಕ್ಕೆ ಬೇರೆ ಭಾಷೆಯ ಅಕ್ಷರ ಕಲಿಸುವುದರಲ್ಲಿ ಭಯವಿರಲಿಲ್ಲ.

ಅತಿಥಿ ಬಲಿಷ್ಠನಾದಾಗ

ಎಲ್ಲವೂ ಹೀಗೆ ಸುಗಮವಾಗಿಯೇ ನಡೆಯಿತೆಂದು ಹೇಳಿದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. 1311ರಲ್ಲಿ ಮಲಿಕ್ ಕಾಫೂರ್ ದೋರಸಮುದ್ರದ ಮೇಲೆ ಬಿದ್ದ. ಮುಮ್ಮಡಿ ಬಲ್ಲಾಳ 1342ರ ಸುಮಾರಿಗೆ ಮಧುರೆಯ ಸುಲ್ತಾನನ ಕೈಯಲ್ಲಿ ಹತನಾದ. ಹೊಯ್ಸಳ ರಾಜ್ಯ ಅಳಿದು ವಿಜಯನಗರ ಬಂತು. ಅದೂ ಅಂದಿಗೆ ಹೊಸ ರಾಜ್ಯವೇ. ಅದರ ಅರಸ ಒಂದನೆಯ ಬುಕ್ಕನ ಮುಂದೆ 1368ರಲ್ಲಿ ಒಂದು ದೂರು ಬಂತು. ತಂದವರು ಜೈನರು. ದೂರು ಶ್ರೀವೈಷ್ಣವರ ಮೇಲೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಈ ತೀರ್ಪಿನ ಶಾಸನವಿದೆ. ಗಂಗರ ಕಾಲದಿಂದಲೂ ಈ ಸೀಮೆಯ ಪ್ರಬಲ ಧರ್ಮವಾಗಿದ್ದ ಜೈನಧರ್ಮದವರು ಎರಡೂವರೆ ಶತಮಾನದ ಕೆಳಗೆ ಆಶ್ರಯ ಬೇಡಿ ಬಂದ ಪಂಥದವರಿಂದ ರಕ್ಷಣೆ ಕೇಳಬೇಕಾಗಿ ಬಂದಿತ್ತು. ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳ ನಡುವೆ ಭೇದವಿಲ್ಲವೆಂದು ಸಾರಿದ. ಮಾತಿಗೆ ನಿಲ್ಲಿಸಲಿಲ್ಲ. ಜೈನರ ಮನೆಗೊಂದು ಹಣದಂತೆ ಎತ್ತಿ, ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ಇರಿಸಬೇಕು, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಈ ಕೆಲಸದ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ವೈಷ್ಣವರದ್ದೇ. ಯಾರ ಮೇಲೆ ದೂರಿತ್ತೋ ಅವರೇ ಕಾವಲಿಗೆ ಹೊಣೆಯಾದರು.

ಈ ಕಲ್ಲು ಹೇಳುವ ಪಾಠ ಎರಡು ಬಗೆಯದು. ಬಂದವರು ಎಂದೂ ದುರ್ಬಲರಾಗಿಯೇ ಇರುತ್ತಾರೆಂದು ಭಾವಿಸುವಂತಿಲ್ಲ. ಅರಸನ ಒಲವು ಸಿಕ್ಕರೆ ಅತಿಥಿ ಯಜಮಾನನಾಗುತ್ತಾನೆ, ಯಜಮಾನ ಮೂಲೆಗೆ ಸರಿಯುತ್ತಾನೆ. ಹಾಗಾದಾಗ ಯಾರನ್ನೂ ಹೊರಗೆ ಅಟ್ಟದೆ ದುರ್ಬಲನ ಪಕ್ಕದಲ್ಲಿ ನಿಲ್ಲುವುದು ರಾಜ್ಯದ ಕೆಲಸ. ಬಾಗಿಲು ತೆರೆಯುವುದರೊಂದಿಗೆ ಆತಿಥ್ಯದ ಹೊಣೆ ಮುಗಿಯುವುದಿಲ್ಲ.

ಅಡುಗೆಮನೆಯ ಭಾಷೆ, ಅಂಗಳದ ಭಾಷೆ

ಬಂದು ನಿಂತವರು ಕಾಲಕ್ರಮದಲ್ಲಿ ಏನಾದರು ಎಂಬುದಕ್ಕೆ ಹಾಸನ ಸೀಮೆಯಲ್ಲಿ ಕಣ್ಣಮುಂದಿನ ನಿದರ್ಶನ ಸಂಕೇತಿಗಳು. ಇಂದಿನ ತಮಿಳುನಾಡಿನ ಶೆಂಗೋಟೆಯ ಕಡೆಯಿಂದ, ನಾಚಾರಮ್ಮ ಎಂಬ ವಿದುಷಿಗೆ ಆದ ಅವಮಾನದ ನಂತರ, ಅವಳ ಜೊತೆ ಹೊರಟುಬಂದವರು ತಾವು ಎಂಬುದು ಅವರ ಪರಂಪರೆಯ ಕಥೆ. ಬಂದವರಲ್ಲಿ ಒಂದು ಗುಂಪು ಹಾಸನದ ಬಳಿಯ ಕೌಶಿಕದಲ್ಲಿ ನಿಂತಿತು, ಇನ್ನೊಂದು ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದಲ್ಲಿ. ಕೌಶಿಕ ಸಂಕೇತಿ, ಬೆಟ್ಟದಪುರ ಸಂಕೇತಿ ಎಂಬ ಹೆಸರುಗಳು ಹೀಗೆ ಹುಟ್ಟಿದವು. ಬಿಟ್ಟು ಬಂದ ಊರಿನ ಹೆಸರನ್ನಲ್ಲ, ಸೇರಿದ ಊರಿನ ಹೆಸರನ್ನು ತಮ್ಮ ಗುರುತಾಗಿಸಿಕೊಂಡರು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಅವರ ಮನೆಮಾತಿನ ಬುಡ ತಮಿಳು, ಮಲಯಾಳದ ನೆರಳೂ ಅದಕ್ಕಿದೆ. ಶತಮಾನಗಳ ಒಡನಾಟದಲ್ಲಿ ಅದರೊಳಗೆ ಕನ್ನಡ ತುಂಬಿಕೊಂಡಿದೆ. ಬರೆಯುವುದಿದ್ದರೆ ಕನ್ನಡ ಲಿಪಿಯಲ್ಲೇ ಬರೆಯಬೇಕು. ಅಡುಗೆಮನೆಯಲ್ಲಿ ಸಂಕೇತಿ, ಅಂಗಳಕ್ಕೆ ಬಂದರೆ ಕನ್ನಡ. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕಾಗಲಿಲ್ಲ. ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ರುದ್ರಪಟ್ಟಣ ಈ ಜನರ ಊರು. ಸಂಗೀತಗಾರರ ಊರೆಂದೇ ಅದಕ್ಕೆ ಖ್ಯಾತಿ. 1920ರಲ್ಲಿ ಅಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್ ಕರ್ನಾಟಕ ಸಂಗೀತದ ಹಿರಿಯ ವಿದ್ವಾಂಸರಾಗಿ ಬೆಳೆದು 2014ರಲ್ಲಿ ತೀರಿಕೊಂಡರು. ರುದ್ರಪಟ್ಟಣ ಸಹೋದರರು, ಆರ್. ಕೆ. ಪದ್ಮನಾಭ ಅದೇ ಊರಿನ ಹೆಸರನ್ನು ದೂರದವರೆಗೆ ಒಯ್ದರು. ಇವರನ್ನು ಕನ್ನಡ ನಾಡಿನ ಸಂಗೀತಗಾರರಲ್ಲ ಎಂದು ಇಂದು ಯಾರೂ ಹೇಳಲಾರರು.

ಮತ್ತೆ ಮತ್ತೆ ಅದೇ ಪ್ರಶ್ನೆ

ಹೊಸ ರಾಜ್ಯ ಹುಟ್ಟಿದಾಗಲೆಲ್ಲ ಈ ಪ್ರಶ್ನೆ ಹೊಸದಾಗಿ ಏಳುತ್ತದೆ. 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಮರಳಿ ಒಪ್ಪಿಸಿದಾಗ ಹೊಸ ಆಡಳಿತ ಕಟ್ಟಿದ ದಿವಾನರು ಮದರಾಸು ಪ್ರಾಂತದಿಂದ ಬಂದವರು. ರಂಗಾಚಾರ್ಲು ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಸ್ಥಾಪಿಸಿದರು. ಶೇಷಾದ್ರಿ ಅಯ್ಯರ್ 1883ರಿಂದ 1901ರವರೆಗೆ ದಿವಾನರಾಗಿದ್ದು ಶಿವನಸಮುದ್ರದ ವಿದ್ಯುತ್ ಯೋಜನೆಗೆ ಕಾರಣರಾದರು. ಅವರ ಸಾಧನೆಯನ್ನು ಮೆಚ್ಚಿದ ಜನರೇ, ದೊಡ್ಡ ಹುದ್ದೆಗಳೆಲ್ಲ ಹೊರಗಿನವರಿಗೆ ಹೋಗುತ್ತಿವೆಯೆಂದು ಸಿಟ್ಟಾದರು. ‘ಮೈಸೂರು ಮೈಸೂರಿನವರಿಗೆ’ ಎಂಬ ಕೂಗು ಎದ್ದಿತು. 1912ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದದ್ದು ಮೈಸೂರಿನವರಿಗೆ ಸಂದ ಗೌರವವೆನಿಸಿತು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರ ಮನೆತನದ ಹೆಸರಿನಲ್ಲಿರುವ ಮೋಕ್ಷಗುಂಡಂ ಇರುವುದು ಆಂಧ್ರದಲ್ಲಿ. ಯಾವ ತಲೆಮಾರಿಗೆ ಹೊರಗಿನವನು ಒಳಗಿನವನಾಗುತ್ತಾನೆ ಎಂಬುದಕ್ಕೆ ಯಾವ ದಿವಾನರ ಕಡತದಲ್ಲೂ ಉತ್ತರವಿರಲಿಲ್ಲ.

1956ರಲ್ಲಿ ಕನ್ನಡ ಮಾತಾಡುವ ಪ್ರದೇಶಗಳು ಒಂದಾಗಿ ವಿಶಾಲ ಮೈಸೂರು ರಾಜ್ಯವಾಯಿತು. ಅದಕ್ಕಿನ್ನೂ ಐದಾರು ವರ್ಷ ತುಂಬುವಷ್ಟರಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸರ್ಕಾರ ಕಾಡಿನ ನೆಲ ಕೊಟ್ಟಿತು. ಬೆಟ್ಟದಪುರ ಸಂಕೇತಿಗಳ ತಾಲ್ಲೂಕೂ ಅದೇ. ಹಿಮದ ನಾಡಿನವರು ಕಾಡು ಕಡಿದು ಜೋಳ ಬೆಳೆದರು, ಸುತ್ತಲಿನ ರೈತರೊಂದಿಗೆ ಸಂತೆಯಲ್ಲಿ ವ್ಯವಹರಿಸಲು ಕನ್ನಡ ಕಲಿತರು. ಹೊಯ್ಸಳರ ಅಗ್ರಹಾರಕ್ಕೂ ಈ ನೆಲೆಗೂ ಎಷ್ಟೋ ವ್ಯತ್ಯಾಸವಿದೆ. ಬಂದವನಿಗೆ ಮೊದಲು ಕಾಲಡಿಗೆ ನೆಲ ಬೇಕೆಂಬ ತಿಳಿವಳಿಕೆ ಮಾತ್ರ ಒಂದೇ.

ಅದೇ ಹೊತ್ತಿಗೆ ಇನ್ನೊಂದು ಕಡೆಯ ಅಳಲೂ ನಿಜವಾದದ್ದು. ಕನ್ನಡಿಗರಿಗೆ ಉದ್ಯೋಗ ದೊರಕಿಸುವ ವಿಷಯ ಪರಿಶೀಲಿಸಲು ಸರೋಜಿನಿ ಮಹಿಷಿ ಅವರ ಸಮಿತಿ 1980ರ ದಶಕದಲ್ಲಿ ನೇಮಕವಾದದ್ದು ಅದರಿಂದಲೇ. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ ಒಪ್ಪಿಗೆ ಕೊಟ್ಟು, ವಿರೋಧ ಬಂದ ಕೂಡಲೇ ಅದನ್ನು ತಡೆಹಿಡಿಯಿತು. ಆ ಮಸೂದೆಯಲ್ಲಿ ಸ್ಥಳೀಯನೆಂದರೆ ಯಾರು ಎಂಬುದಕ್ಕೆ ವ್ಯಾಖ್ಯೆಯಿತ್ತು: ರಾಜ್ಯದಲ್ಲಿ ಹುಟ್ಟಿ ಹದಿನೈದು ವರ್ಷ ಇಲ್ಲಿ ವಾಸವಿದ್ದು, ಕನ್ನಡ ಮಾತಾಡಲು, ಓದಲು, ಬರೆಯಲು ಬಲ್ಲವನು. ಹೊಯ್ಸಳರು ವರ್ಷ ಎಣಿಸಲಿಲ್ಲ. ಅವರು ಕರೆದದ್ದು ತಮಗೆ ಬೇಕಾದವರನ್ನು, ಕೊಟ್ಟದ್ದು ಒಕ್ಕಲಿನ ಬೆವರನ್ನು. ಒಕ್ಕಲನ್ನು ಕೇಳುವ ರೂಢಿ ಅಂದು ಇರಲಿಲ್ಲ. ಪ್ರಜಾಪ್ರಭುತ್ವದಲ್ಲಿ ಕೇಳದೆ ನಡೆಯುವಂತಿಲ್ಲ. ಅಂದಿನ ಆತಿಥ್ಯ ಇಂದಿಗೆ ಹಾಗೆಯೇ ಮಾದರಿಯಾಗದಿರುವ ಕಾರಣ ಇದು.

ಆದರೂ ಅದರಿಂದ ಕಲಿಯುವುದಿದೆ. ಬಂದವನಿಗೆ ನೆಲೆ, ಕೆಲಸಕ್ಕೆ ತಕ್ಕ ಹೆಸರು, ಮಕ್ಕಳಿಗೆ ಅಕ್ಷರ ಸಿಕ್ಕರೆ ಅವನು ನಾಡವನಾಗುತ್ತಾನೆ. ಇದ್ದವನಿಗೆ ತನ್ನ ಪಾಲು ಕೈತಪ್ಪಲಿಲ್ಲವೆಂಬ ಭರವಸೆಯಿದ್ದರೆ ಅವನು ಬಾಗಿಲು ಮುಚ್ಚುವುದಿಲ್ಲ. ಶ್ರವಣಬೆಳಗೊಳದ ಇಪ್ಪತ್ತು ಕಾವಲುಗಾರರೂ ಮಾಲಂಗಿಯ ನಾಲ್ಕು ಬರಹಗಳೂ ಜೊತೆಜೊತೆಯಾಗಿ ಬೇಕು.

ಕೊರವಂಗಲದ ಗುಡಿಯಲ್ಲಿ ವೀರಬಲ್ಲಾಳನ ಪಟ್ಟಾಭಿಷೇಕದ ಶಾಸನ ಇಂದಿಗೂ ಇದೆ. ಅವನ ರಾಜ್ಯ ಹೋಗಿ ಏಳು ಶತಮಾನಗಳು ಸಮೀಪಿಸುತ್ತಿವೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಹೊಯ್ಸಳರ ಹೆಸರು ಲೋಕಕ್ಕೆ ಮತ್ತೊಮ್ಮೆ ಕೇಳಿಸಿತು. ಆ ಕೀರ್ತಿಯಲ್ಲಿ ಬಳ್ಳಿಗಾವೆಯ ದಾಸೋಜನಿಗೂ ಗದುಗಿನ ನಾಗೋಜನಿಗೂ ಪಾಲಿದೆ. ಅವರು ಬೇರೆ ಊರಿನವರೆಂದು ಇಂದು ತಿಳಿಯುವುದು ಅವರೇ ಕೆತ್ತಿಟ್ಟು ಹೋದ ಅಕ್ಷರಗಳಿಂದ ಮಾತ್ರ.